ಮೈಗೆ ಮದ್ದು ಒಗ್ಗಿ ಹೋಯಿತಾ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಅಮ್ಮನಿಗೆ 68 ವರ್ಷ. ಎರಡು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಆಯಿತು. ಈ ಸಲ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದೆವು. ರಿಪೋರ್ಟಿನಲ್ಲಿ ಇ. ಕೋಲಿ ಅಂತ ಇದೆ. ಕೆಳಗೆ ಹದಿನಾರು ಮದ್ದಿನ ಹೆಸರು, ಅದರಲ್ಲಿ ಹನ್ನೊಂದರ ಎದುರು 'ಆರ್' ಅಂತ ಹಾಕಿದ್ದಾರೆ. ಆ ಹನ್ನೊಂದರಲ್ಲಿ ಹೆಚ್ಚಿನವನ್ನು ಅಮ್ಮ ಜನ್ಮದಲ್ಲೇ ತಿಂದಿಲ್ಲ. ಹಾಗಾದರೆ ಅಮ್ಮನ ಮೈಗೆ ಮದ್ದು ಒಗ್ಗಿ ಹೋಗಿದೆಯಾ? ಇನ್ನೊಂದು, ಮಗಳು ಬಿ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ವರ್ಷ. ಮುಂದೆ ಇದೇ ವಿಷಯದಲ್ಲಿ ಸಂಶೋಧನೆ ಮಾಡ್ತೇನೆ ಅನ್ನುತ್ತಾಳೆ. ಅದರಲ್ಲಿ ಭವಿಷ್ಯ ಉಂಟಾ?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮದ್ದು ಕೊಡುವ ಡಾಕ್ಟರಲ್ಲ. ಕೇರಳದ ಇದೇ ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುವವನು. ಅಮ್ಮನಿಗೆ ಯಾವ ಮಾತ್ರೆ, ಎಷ್ಟು ದಿನ ಅನ್ನುವುದನ್ನು ಅವರನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಆದರೆ ಆ ರಿಪೋರ್ಟು ಹೇಗೆ ತಯಾರಾಗುತ್ತದೆ, ಅದರಲ್ಲಿರುವ 'ಆರ್' (ರೆಸಿಸ್ಟೆಂಟ್, ಅಂದರೆ ಆ ಮದ್ದಿಗೆ ಬಗ್ಗದ್ದು) ಎಲ್ಲಿಂದ ಬಂತು ಅನ್ನುವುದನ್ನು ನಾನು ಹೇಳಬಲ್ಲೆ. ಅದನ್ನೇ ಮಾಡುತ್ತ, ಮಾಡಿಸುತ್ತ ಇಪ್ಪತ್ತು ವರ್ಷ ದಾಟಿತು.

ಅಮ್ಮನ ಮೈಗೆ ಏನೂ ಒಗ್ಗಿಲ್ಲ. ಮದ್ದಿಗೆ ಬಗ್ಗದೆ ಕೂತಿರುವುದು ಅವರ ಮೂತ್ರಕೋಶಕ್ಕೆ ಹೊಕ್ಕ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ.

ಇದನ್ನು ತಪ್ಪು ತಿಳಿದವರು ನೀವೊಬ್ಬರೇ ಅಲ್ಲ, ನಮ್ಮ ಭಾಷೆಗಳದ್ದೂ ಇದರಲ್ಲಿ ಪಾಲಿದೆ. 'ರೋಗನಿರೋಧಕ ಶಕ್ತಿ' ಅಂದರೆ ಒಳ್ಳೆಯದು, ಅಲ್ವಾ? ಮೈಯಲ್ಲಿ ಜಾಸ್ತಿ ಇರಬೇಕು. ಆಂಟಿಬಯೋಟಿಕ್ ರೆಸಿಸ್ಟೆನ್ಸ್‌ಗೆ ಕನ್ನಡದ ಪಠ್ಯದಲ್ಲಿ ಏನು ಹೇಳುತ್ತಾರೆ? 'ನಿರೋಧಕತೆ'. ಅದೇ ನಿರೋಧ, ಅದೇ ಗಾಂಭೀರ್ಯ, ಆದರೆ ಇದು ಕೆಟ್ಟದ್ದು, ಮತ್ತು ಇದು ಮೈಯದ್ದಲ್ಲ, ರೋಗಾಣುವಿನದ್ದು. ಮಲಯಾಳದಲ್ಲೂ ಇದೇ ಕತೆ, ಅಲ್ಲಿ 'ಪ್ರತಿರೋಧಶೇಷಿ' ಅನ್ನುವುದು ಒಳ್ಳೆಯದು. ನನ್ನ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರೂ ಮಲಯಾಳ ಮೀಡಿಯಂನಿಂದ ಬಂದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ಸಂಶಯ ತುಳುವಿನಲ್ಲಿ. ಒಂದು ವರ್ಷ ಮೊದಲನೇ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ರೆಸಿಸ್ಟೆನ್ಸ್ ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ?" ಅಂತ ಕೇಳಿದ. ಯಾರೂ ನಗಲಿಲ್ಲ. ಎಲ್ಲರ ತಲೆಯಲ್ಲಿದ್ದದ್ದೂ ಅದೇ. ಅಂದಿನಿಂದ ಈ ಪಾಠದ ಮೊದಲ ದಿನ ಬೋರ್ಡಿನ ಮೇಲೆ ಬರೆಯುವುದು ಒಂದೇ ಪ್ರಶ್ನೆ: ಯಾರದ್ದು?

ಅದು ಸುಮ್ನೆ ಶಬ್ದದ ಜಗಳ ಅಲ್ಲ. ಮೈಗೆ ಒಗ್ಗಿದೆ ಅಂದುಕೊಂಡವರು ಏನು ಮಾಡುತ್ತಾರೆ ನೋಡಿ. "ನಾನು ಆಂಟಿಬಯೋಟಿಕ್ ತಿನ್ನುವುದೇ ಕಡಿಮೆ, ನನಗೆ ಈ ತೊಂದರೆ ಬರಲಿಕ್ಕಿಲ್ಲ" ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಇಲ್ಲವೇ "ನನ್ನ ಮೈಗೆ ಸಣ್ಣ ಡೋಸು ಹಿಡಿಯುವುದಿಲ್ಲ, ದೊಡ್ಡದೇ ಕೊಡಿ" ಅಂತ ಮೆಡಿಕಲ್ ಶಾಪಿನಲ್ಲಿ ಕೇಳುತ್ತಾರೆ. ನನ್ನ ಸೋದರಮಾವನೇ ಹೀಗೆ ಕೇಳುವುದನ್ನು ಕಂಡಿದ್ದೇನೆ, ಆ ಅಂಗಡಿಯವರು ಚೀಟಿ ಕೇಳದೆ ಕೊಟ್ಟದ್ದನ್ನೂ. ರೆಸಿಸ್ಟೆನ್ಸ್ ಮೈಯದ್ದಾಗಿದ್ದರೆ ಅದು ನಿಮ್ಮಲ್ಲೇ ಉಳಿಯುತ್ತಿತ್ತು. ಬ್ಯಾಕ್ಟೀರಿಯಾದ್ದು ಆದ ಕಾರಣ ಅದು ಕೈಯಿಂದ ಕೈಗೆ, ನೀರಿನಿಂದ ಬಾಯಿಗೆ, ಒಬ್ಬರ ಕರುಳಿನಿಂದ ಇನ್ನೊಬ್ಬರ ಕರುಳಿಗೆ ಹೋಗುತ್ತದೆ. ಅಮ್ಮ ತಿನ್ನದ ಮದ್ದಿಗೂ ಅಮ್ಮನ ರಿಪೋರ್ಟಿನಲ್ಲಿ 'ಆರ್' ಬಂದದ್ದು ಹೀಗೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಬ್ಯಾಕ್ಟೀರಿಯಾಕ್ಕೆ 'ಒಗ್ಗಿತು' ಅನ್ನುವುದೂ ಸರಿಯಲ್ಲ. ಒಗ್ಗುವುದು ಅಂದರೆ ನಾವು ಮೆಣಸು ತಿಂದು ತಿಂದು ಖಾರಕ್ಕೆ ಒಗ್ಗಿದ ಹಾಗೆ, ದಿನಾ ಸ್ವಲ್ಪ ಸ್ವಲ್ಪ. ಇಲ್ಲಿ ಆಗುವುದು ಅದಲ್ಲ. 1952ರಲ್ಲಿ ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ಒಂದು ವೆಲ್ವೆಟ್ ಬಟ್ಟೆಯಲ್ಲಿ ತೋರಿಸಿಬಿಟ್ಟರು. ನಾನು ಪ್ರತಿ ವರ್ಷ ಮಕ್ಕಳಿಂದ ಮಾಡಿಸುವ ಪ್ರಯೋಗ ಇದು. ಹೊಸ ಬ್ಯಾಚು ಬಂದಾಗ ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ಅರ್ಧ ಮೀಟರ್ ಕಪ್ಪು ವೆಲ್ವೆಟ್ ತರುತ್ತೇನೆ. ಅಂಗಡಿಯವರಿಗೆ ನಾನು ಯಾವುದೋ ಯಕ್ಷಗಾನ ಸಂಘದವನು ಅಂತ ನಂಬಿಕೆ, ತಿದ್ದಲು ಹೋಗಿಲ್ಲ.

ಪ್ರಯೋಗ ಇಷ್ಟೇ. ಮದ್ದೇ ಇಲ್ಲದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿರುತ್ತದೆ. ಮರದ ದುಂಡನೆಯ ತುಂಡಿಗೆ ಕಟ್ಟಿದ ವೆಲ್ವೆಟ್ ಮೇಲೆ ಆ ತಟ್ಟೆಯನ್ನು ಮೆಲ್ಲ ಒತ್ತುತ್ತೇವೆ. ಬಟ್ಟೆಯ ಸಾವಿರ ನವಿರು ಸಾವಿರ ಸೂಜಿಯ ಹಾಗೆ ಬ್ಯಾಕ್ಟೀರಿಯಾವನ್ನು ಇದ್ದ ಜಾಗದಿಂದಲೇ ಎತ್ತಿಕೊಳ್ಳುತ್ತದೆ. ಅದೇ ಬಟ್ಟೆಯ ಮೇಲೆ ಸ್ಟ್ರೆಪ್ಟೋಮೈಸಿನ್ ಹಾಕಿದ ಇನ್ನೊಂದು ತಟ್ಟೆ ಒತ್ತಿದರೆ ಅಚ್ಚು ಬೀಳುತ್ತದೆ. ಮರುದಿನ ನೋಡಿದರೆ ಮದ್ದಿನ ತಟ್ಟೆ ಬೋಳು, ಎಲ್ಲೋ ಒಂದೆರಡು ಚುಕ್ಕಿ ಮಾತ್ರ. ಈಗ ಮೊದಲಿನ ತಟ್ಟೆಗೆ ವಾಪಸ್ ಬನ್ನಿ, ಅದು ಮದ್ದಿನ ಮುಖವನ್ನೇ ಕಾಣದ ತಟ್ಟೆ. ಆ ಚುಕ್ಕಿ ಇದ್ದ ಜಾಗಕ್ಕೆ ಸರಿಯಾಗಿ ಇಲ್ಲಿಂದ ಸ್ವಲ್ಪ ಕೆರೆದು ತೆಗೆದರೆ, ಬೇರೆ ಕಡೆಗಿಂತ ಎಷ್ಟೋ ಪಟ್ಟು ಜಾಸ್ತಿ ನಿರೋಧಕ ಬ್ಯಾಕ್ಟೀರಿಯಾ ಅಲ್ಲಿ ಸಿಗುತ್ತದೆ. ಅಂದರೆ ಅವು ಮೊದಲೇ ಇದ್ದವು. ಮದ್ದು ಅವಕ್ಕೆ ಏನೂ ಕಲಿಸಲಿಲ್ಲ, ಉಳಿದವರನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಟ್ಟಿತು, ಅಷ್ಟೇ.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಅವರೂ ಅಲ್ಲಿ, ಕಡಿಮೆ ಡೋಸು ಕೊಟ್ಟರೆ ರೋಗಾಣುವಿಗೆ ಶಿಕ್ಷಣ ಕೊಟ್ಟ ಹಾಗಾಗುತ್ತದೆ ಅನ್ನುವ ಅರ್ಥದ ಮಾತನ್ನೇ ಬಳಸಿದರು. ಎಚ್ಚರಿಕೆ ಸರಿ, ಶಬ್ದ ಸ್ವಲ್ಪ ಸಡಿಲ. ಅವರೇ ಹಾಗೆ ಹೇಳಿದ ಮೇಲೆ ನಮ್ಮ ಮಾವನನ್ನು ಬೈದು ಏನು ಫಲ!

ಸರಿ, ಒಂದು ಮದ್ದಿಗೆ ಹೀಗೆ. ಹನ್ನೊಂದಕ್ಕೆ ಒಟ್ಟಿಗೆ ಹೇಗೆ? ಇದಕ್ಕೆ ನಾನು ಕ್ಲಾಸಿನಲ್ಲಿ ಕುಂಬಳೆ ಸೀಮೆಯ ಉದಾಹರಣೆಯನ್ನೇ ಕೊಡುತ್ತೇನೆ. ಹಿಂದೆ ಯಕ್ಷಗಾನದ ಪ್ರಸಂಗಗಳು ಅಚ್ಚಾಗುತ್ತಿರಲಿಲ್ಲ, ಭಾಗವತರು ಒಬ್ಬರಿಂದ ಒಬ್ಬರು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ನಿಮಗೆ ಬೇಕಾದದ್ದು ಒಂದು ಪದ್ಯ ಆದರೂ ಕಟ್ಟು ಸಿಕ್ಕಿದಾಗ ಇಡೀ ಕಟ್ಟನ್ನೇ ನಕಲು ಮಾಡುತ್ತೀರಿ. ಬ್ಯಾಕ್ಟೀರಿಯಾದ ಹತ್ತಿರವೂ ಅಂಥ ಒಂದು ಕಟ್ಟು ಇರುತ್ತದೆ, ಅದರ ಹೆಸರು ಪ್ಲಾಸ್ಮಿಡ್. ಉಂಗುರದ ಹಾಗಿರುವ ಪುಟ್ಟ ಡಿಎನ್ಎ. ಅದರಲ್ಲಿ ನಾಲ್ಕೈದು ಬಗೆಯ ಮದ್ದುಗಳನ್ನು ಸೋಲಿಸುವ ಜೀನ್‌ಗಳು ಸಾಲಾಗಿ ಕೂತಿರಬಹುದು. ಎರಡು ಬ್ಯಾಕ್ಟೀರಿಯಾ ತಾಗಿಕೊಂಡಾಗ ಒಂದು ತನ್ನ ಕಟ್ಟಿನ ನಕಲನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಜಾತಿಯೂ ಒಂದೇ ಆಗಬೇಕೆಂದಿಲ್ಲ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆ ರೋಗಿಗಳಲ್ಲಿ ಇದು ಮೊದಲು ಬೆಳಕಿಗೆ ಬಂತು. ಸಲ್ಫಾ, ಸ್ಟ್ರೆಪ್ಟೋಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್, ನಾಲ್ಕು ಮದ್ದಿಗೂ ಒಮ್ಮೆಗೇ ಬಗ್ಗದ, ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತು. ಅದೇ ರೋಗಿಗಳ ಕರುಳಿನ ಇ. ಕೋಲಿಯಲ್ಲೂ ಅದೇ ನಾಲ್ಕರ ಜೋಡಣೆ! ಒಂದೊಂದೇ ಮ್ಯುಟೇಶನ್ (ಜೀನ್‌ನಲ್ಲಿ ತಾನಾಗಿ ಆಗುವ ಬದಲಾವಣೆ) ಆಗಿ ಹೀಗಾಗಲು ಸಾಧ್ಯವೇ ಇಲ್ಲ ಅಂತ ಅಲ್ಲಿನ ವಿಜ್ಞಾನಿಗಳಿಗೆ ಗೊತ್ತಾಯಿತು. ಕಟ್ಟೇ ಕೈ ಬದಲಾಗುತ್ತಿತ್ತು.

ಇನ್ನು ಮುಖ್ಯ ಮಾತು. ನಾವು ಗಂಟಲು ನೋವಿಗೆ ಒಂದು ಮಾತ್ರೆ ನುಂಗಿದರೆ ಅದು ಗಂಟಲಿಗೆ ಮಾತ್ರ ಹೋಗುವುದಿಲ್ಲ, ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಕ್ಕೂ ತಾಗುತ್ತದೆ. ಅಲ್ಲಿ ಕಟ್ಟು ಹೊತ್ತವರು ಯಾರೋ ಇದ್ದರೆ ಅವರಿಗೆ ಹಬ್ಬ. ನಮ್ಮ ದೇಶದಲ್ಲಿ ಪೂರ್ತಿ ಆರೋಗ್ಯವಾಗಿರುವವರ ಕರುಳಿನಲ್ಲೂ ಇಂಥ ಇ. ಕೋಲಿ ಸಾಮಾನ್ಯ. ಸುಮ್ಮನೆ ಇರುತ್ತದೆ, ಏನೂ ಮಾಡುವುದಿಲ್ಲ. ಹೆಂಗಸರಲ್ಲಿ ಮೂತ್ರನಾಳ ಗಿಡ್ಡ, ಕರುಳಿನ ಇ. ಕೋಲಿಗೆ ಮೂತ್ರಕೋಶಕ್ಕೆ ದಾರಿ ಹತ್ತಿರ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಅದರ ಜೊತೆ ಅಲ್ಲಿ ಕಾವಲಿದ್ದ, ಒಳ್ಳೆಯ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳೂ ಕಡಿಮೆಯಾಗುತ್ತವೆ. ಅರುವತ್ತು ದಾಟಿದವರಲ್ಲಿ ಉರಿಮೂತ್ರ ಮತ್ತೆ ಮತ್ತೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಇದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ, ಅಮ್ಮನಿಗೆ ಆಗುತ್ತದಾ ಅಂತ ಡಾಕ್ಟರ ಹತ್ತಿರ ಕೇಳಿ. ನಮ್ಮ ಕಡೆ ಹೆಂಗಸರು ಇದನ್ನು ಕೇಳಲು ನಾಚುತ್ತಾರೆ, ನಾಚಿ ನಾಚಿ ಐದನೇ ಸಲ ಆಂಟಿಬಯೋಟಿಕ್ ತಿನ್ನುತ್ತಾರೆ.

ಈಗ ರಿಪೋರ್ಟು. ನನಗೆ ಮೊದಲು ಬರುವ ಸಂಶಯ 'ಆರ್' ಮೇಲೆ ಅಲ್ಲ, ಬಾಟಲಿ ಮೇಲೆ. ಸ್ಯಾಂಪಲ್ ಎಷ್ಟು ಹೊತ್ತಿಗೆ ತೆಗೆದದ್ದು, ಲ್ಯಾಬಿಗೆ ಎಷ್ಟು ಹೊತ್ತಿಗೆ ಮುಟ್ಟಿದ್ದು? ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ತೆಗೆದು, ಬ್ಯಾಗಿನಲ್ಲಿಟ್ಟು, ಎರಡು ಬಸ್ಸು ಬದಲಿಸಿ, ತಲಪಾಡಿ ದಾಟಿ ಮಂಗಳೂರಿಗೆ ಹನ್ನೊಂದಕ್ಕೆ ಕೊಟ್ಟರೆ ನಾಲ್ಕು ಗಂಟೆ ಆಯಿತು. ಮೂತ್ರ ಅಂದರೆ ಇ. ಕೋಲಿಗೆ ಒಳ್ಳೆಯ ಗಂಜಿ. ಸರಿಯಾದ ಬಿಸಿ ಇದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಜೀವಿ ಅದು. ಬಸ್ಸಿನ ಬ್ಯಾಗಿನಲ್ಲಿ ಸ್ವಲ್ಪ ನಿಧಾನ, ಅರ್ಧ ಗಂಟೆ ಅಂತಲೇ ಇಟ್ಟುಕೊಳ್ಳೋಣ. ನಾಲ್ಕು ಗಂಟೆಯಲ್ಲಿ ಎಂಟು ಸಲ ಎರಡಾಗಿ 256 ಪಟ್ಟು. ಚರ್ಮದಿಂದ ಬಿದ್ದ ಒಂದು ಮಿಲಿಲೀಟರಿಗೆ ಸಾವಿರ ಬ್ಯಾಕ್ಟೀರಿಯಾ ಲ್ಯಾಬಿಗೆ ಮುಟ್ಟುವಾಗ ಎರಡೂವರೆ ಲಕ್ಷ! ಲ್ಯಾಬಿನವರು ಸಾಮಾನ್ಯವಾಗಿ ಒಂದು ಲಕ್ಷದ ಮೇಲಿದ್ದರೆ ಸೋಂಕು ಅನ್ನುತ್ತಾರೆ. ಅವರ ತಪ್ಪಿಲ್ಲ, ಬಸ್ಸಿನದ್ದೂ ತಪ್ಪಿಲ್ಲ. ಹಾಗಾಗಿ ಸ್ಯಾಂಪಲ್ ಆದಷ್ಟು ಲ್ಯಾಬಿನಲ್ಲೇ ಕೊಡಿ, ಇಲ್ಲದಿದ್ದರೆ ಎರಡು ಗಂಟೆಯೊಳಗೆ ಮುಟ್ಟಿಸಿ, ಅದೂ ಆಗದಿದ್ದರೆ ಐಸ್ ಪ್ಯಾಕಿನ ಡಬ್ಬದಲ್ಲಿ ತಣ್ಣಗೆ ತೆಗೆದುಕೊಂಡು ಹೋಗಿ. ಮೊದಲು ನೀರಿನಲ್ಲಿ ತೊಳೆದುಕೊಂಡು, ಶುರುವಿನ ಮೂತ್ರ ಬಿಟ್ಟು ನಡುವಿನದ್ದು ಹಿಡಿಯಬೇಕು.

ಇದರ ಜೊತೆಗೇ ಇನ್ನೊಂದು. ಅಮ್ಮನಿಗೆ ಉರಿ, ಜ್ವರ, ಹೊಟ್ಟೆ ಕೆಳಗೆ ನೋವು ಇತ್ತಾ? ಇದ್ದರೆ ಸೋಂಕು. ಏನೂ ಇಲ್ಲದೆ ಸುಮ್ನೆ ಚೆಕ್ ಮಾಡಿದಾಗ ಬ್ಯಾಕ್ಟೀರಿಯಾ ಸಿಕ್ಕಿದರೆ, ವಯಸ್ಸಾದವರಲ್ಲಿ ಹೆಚ್ಚಾಗಿ ಅದಕ್ಕೆ ಮದ್ದೇ ಬೇಡ. ಗರ್ಭಿಣಿಯರದ್ದು ಮತ್ತು ಮೂತ್ರದ ದಾರಿಯ ಆಪರೇಷನ್‌ಗೆ ಹೋಗುವವರದ್ದು ಬೇರೆ ಲೆಕ್ಕ.

ಪರೀಕ್ಷೆಯೂ ಮನುಷ್ಯರೇ ಮಾಡುವುದು. ಬ್ಯಾಕ್ಟೀರಿಯಾ ಹರಡಿದ ಅಗರ್ ಮೇಲೆ ಮದ್ದು ಹೀರಿದ ಕಾಗದದ ಬಿಲ್ಲೆ (ಡಿಸ್ಕ್) ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆಯುತ್ತಾರೆ. ವೃತ್ತ ದೊಡ್ಡದಿದ್ದರೆ 'ಎಸ್', ಅಂದರೆ ಮದ್ದಿಗೆ ಬಗ್ಗುತ್ತದೆ, ಸಣ್ಣದಿದ್ದರೆ 'ಆರ್'. ನಾನು ಎಂ.ಎಸ್ಸಿ. ಮಾಡುವಾಗ ಒಮ್ಮೆ ಅಗರ್ ಉಳಿಸುವ ಅಂತ ತಟ್ಟೆಗೆ ತೆಳ್ಳಗೆ ಹೊಯ್ದಿದ್ದೆ. ಅದು ನಾಲ್ಕು ಮಿಲಿಮೀಟರ್ ದಪ್ಪ ಇರಬೇಕು. ತೆಳ್ಳಗಾದರೆ ಮದ್ದು ಕೆಳಗಿಳಿಯಲು ಜಾಗ ಇಲ್ಲದೆ ಬದಿಗೆ ಹರಡುತ್ತದೆ, ಡಿಸ್ಕಿನ ಸುತ್ತಲಿನ ವೃತ್ತ ದೊಡ್ಡದಾಗಿ ಕಾಣುತ್ತದೆ, 'ಆರ್' ಆಗಬೇಕಾದದ್ದು 'ಎಸ್' ಆಗುತ್ತದೆ. ಎಟಿಸಿಸಿ 25922 ಅನ್ನುವ, ವೃತ್ತ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಇ. ಕೋಲಿಯನ್ನು ಪಕ್ಕದಲ್ಲಿ ಹಾಕಿದ್ದ ಕಾರಣ ಸಿಕ್ಕಿಬಿದ್ದೆ, ಅದರ ವೃತ್ತವೂ ದೊಡ್ಡದಾಗಿ ಬಂದಿತ್ತು. ರೋಗಿಯ ರಿಪೋರ್ಟು ಆಗಿದ್ದರೆ? ಈಗಲೂ ಮಕ್ಕಳು ಅಗರ್ ಹೊಯ್ಯುವಾಗ ನಾನು ಸ್ಕೇಲು ಹಿಡಿದು ಹಿಂದೆ ನಿಲ್ಲುತ್ತೇನೆ, ಅವರಿಗೆ ಕಿರಿಕಿರಿ.

ಕೆಲವು ರಿಪೋರ್ಟಿನಲ್ಲಿ ಎಂಐಸಿ ಅಂತ ನಂಬರೂ ಇರುತ್ತದೆ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕಡಿಮೆ ಅಂದರೆ ಎಷ್ಟು ಮದ್ದು ಬೇಕು ಅನ್ನುವ ಲೆಕ್ಕ ಅದು. ಸಣ್ಣ ನಂಬರಿನದ್ದು ಒಳ್ಳೆಯ ಮದ್ದು ಅಂತ ಆರಿಸಬೇಡಿ. ನೈಟ್ರೋಫ್ಯುರಾಂಟೊಯಿನ್ 32 ಇದ್ದರೂ 'ಎಸ್', ಸಿಪ್ರೋಫ್ಲಾಕ್ಸಸಿನ್ 1 ಇದ್ದರೆ 'ಆರ್'. ಒಂದೊಂದರ ಅಳತೆಗೋಲು ಬೇರೆ. ಅಡಿಕೆಯ ರೇಟಿಗೂ ತೆಂಗಿನಕಾಯಿಯ ರೇಟಿಗೂ ತಾಳೆ ಹಾಕಿದ ಹಾಗೆ ಆಗುತ್ತದೆ.

"ಕೋರ್ಸ್ ಮುಗಿಸದ ಕಾರಣ ಹೀಗಾಯಿತಾ" ಅಂತ ನೀವು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು, ಎಲ್ಲರೂ ಕೇಳುತ್ತಾರೆ. ನಾನೂ ಎಷ್ಟೋ ವರ್ಷ ಶಾಲೆಗಳಿಗೆ ಹೋಗಿ "ಕೋರ್ಸ್ ಪೂರ್ತಿ ಮಾಡಿ, ಇಲ್ಲದಿದ್ದರೆ ರೆಸಿಸ್ಟೆನ್ಸ್" ಅಂತ ಭಾಷಣ ಬಿಗಿದವನು. ಈಗ ಅಷ್ಟು ಜೋರಾಗಿ ಹೇಳುವುದಿಲ್ಲ. ಕ್ಷಯಕ್ಕೆ ಆ ಮಾತು ನೂರಕ್ಕೆ ನೂರು ನಿಜ, ಆರು ತಿಂಗಳು ಅಂದರೆ ಆರು ತಿಂಗಳು. ಆದರೆ ಎಲ್ಲ ಸೋಂಕಿಗೂ ಉದ್ದ ಕೋರ್ಸೇ ಸುರಕ್ಷಿತ ಅನ್ನುವುದಕ್ಕೆ ಆಧಾರ ಕಡಿಮೆ ಅಂತ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬಂದು ದೊಡ್ಡ ಚರ್ಚೆಯೇ ಆಯಿತು. ಹೆಚ್ಚು ದಿನ ತಿಂದಷ್ಟೂ ಕರುಳಿನಲ್ಲಿರುವ ಆ ಕಟ್ಟಿನವರಿಗೆ ಹೆಚ್ಚು ದಿನ ಹಬ್ಬ, ಅಲ್ವಾ? ಹಾಗಂತ ನೀವೇ ನಡುವೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಸಲಕ್ಕೆ ಡಬ್ಬದಲ್ಲಿ ಇಡಬೇಡಿ. "ಇನ್ನೂ ಕಡಿಮೆ ದಿನದ್ದು ಸಾಕಾಗುತ್ತದಾ" ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಚೀಟಿ ಇಲ್ಲದೆ ಮದ್ದು ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾನೂನು ಇದೆ, 2014ರಿಂದ ಚೀಟಿ ಇಲ್ಲದೆ ಕೊಡಬಾರದ ಮದ್ದುಗಳ ಎಚ್1 ಪಟ್ಟಿ ಇದೆ, ರೆಸಿಸ್ಟೆನ್ಸ್ ತಡೆಯಲು ಕೇರಳ 2018ರಲ್ಲಿ ದೇಶದಲ್ಲೇ ಮೊದಲು ರಾಜ್ಯ ಮಟ್ಟದ ಯೋಜನೆ ಮಾಡಿತು, 2024ರಲ್ಲಿ ಆಪರೇಷನ್ ಅಮೃತ್ ಅಂತ ಅಂಗಡಿಗಳ ತಪಾಸಣೆಯನ್ನೂ ಶುರು ಮಾಡಿತು. ಇದರ ಬಗ್ಗೆ ನಾನು ನೋಡಿದ ಬೋರ್ಡುಗಳು ಮಲಯಾಳದಲ್ಲಿವೆ. ಬದಿಯಡ್ಕ, ಪೆರ್ಲದ ಕಡೆಯ ಅಜ್ಜಿಯಂದಿರಿಗೆ ಕನ್ನಡದಲ್ಲೂ ಒಂದು ಬೋರ್ಡು ಹಾಕಿದರೆ ಏನು ಗಂಟು ಹೋಗುತ್ತಿತ್ತೋ.

ಇನ್ನು ಮಗಳ ವಿಷಯ. ಭವಿಷ್ಯ ಉಂಟಾ ಅಂದರೆ, ರೋಗಾಣುಗಳ ಕಡೆಯಿಂದ ಕೆಲಸಕ್ಕೆ ಬರ ಇಲ್ಲ. 2019 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವು ನೇರವಾಗಿ ಬ್ಯಾಕ್ಟೀರಿಯಾದ ಈ ರೆಸಿಸ್ಟೆನ್ಸ್‌ನಿಂದಲೇ ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅಂದಾಜು ಬಂದಿತ್ತು. ಸಂಬಳದ ಕಡೆಯಿಂದ ಹೇಳುವುದಾದರೆ ಅಷ್ಟು ಉತ್ಸಾಹ ಬೇಡ. ಎಂ.ಎಸ್ಸಿ. ಮುಗಿದ ತಕ್ಷಣ ಸಿಗುವುದು ಹೆಚ್ಚಾಗಿ ಲ್ಯಾಬು, ಆಹಾರ ಅಥವಾ ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ಕೆಲಸ, ಶುರುವಿನ ಸಂಬಳ ಕಡಿಮೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯ ಸಲಹೆ ಕೊಡುವ ಸ್ಥಾನ ಎಂ.ಡಿ. ಮಾಡಿದವರದ್ದು, ಅವಳಿಗೆ ಇದು ಈಗಲೇ ಗೊತ್ತಿರಲಿ. ಪಿಎಚ್‌.ಡಿ.ಗೆ ಹೆಚ್ಚಾಗಿ ನೆಟ್ ಪರೀಕ್ಷೆ ಬರೆಯಬೇಕು, ಅಲ್ಲಿ ಮೈಕ್ರೋಬಯಾಲಜಿ ಅಂತ ಬೇರೆ ಪೇಪರ್ ಇಲ್ಲ, ಲೈಫ್ ಸೈನ್ಸಸ್ ಪೂರ್ತಿ ಓದಬೇಕು. ದೂರ ಹೋಗಲೇಬೇಕೆಂದಿಲ್ಲ, ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಂಪ್ಯೂಟರಿನಲ್ಲಿ ಜೀನೋಮ್ ಓದುವುದನ್ನೂ ಸ್ವಲ್ಪ ಸ್ಟ್ಯಾಟಿಸ್ಟಿಕ್ಸನ್ನೂ ಈಗಿನಿಂದಲೇ ಕಲಿಯಲಿ, ನಾನು ಕಲಿಯದೆ ಪಟ್ಟ ಪಾಡು ಸಾಕು.

ಸಂಶೋಧನೆಗೆ ಪ್ರಶ್ನೆ ಎಲ್ಲಿಂದ ತರುವುದು ಅಂತ ಅವಳಿಗೆ ಚಿಂತೆ ಬೇಡ, ಅದು ನಿಮ್ಮ ತೋಟದಲ್ಲೇ ಇರಬಹುದು. ನನ್ನ ಒಬ್ಬಳು ವಿದ್ಯಾರ್ಥಿನಿ ಅಡಿಕೆ ತೋಟದ ಮನೆಯವಳು. ಕೊಳೆರೋಗಕ್ಕೆ ಬೋರ್ಡೋ ಬಿಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ತಾಮ್ರವನ್ನು ತಡೆದುಕೊಳ್ಳುವ ಜೀನ್ ಮತ್ತು ಆಂಟಿಬಯೋಟಿಕ್ ತಡೆಯುವ ಜೀನ್ ಕೆಲವೊಮ್ಮೆ ಒಂದೇ ಪ್ಲಾಸ್ಮಿಡ್‌ನಲ್ಲಿ ಇರುತ್ತವೆ ಅಂತ ಪಾಠದಲ್ಲಿ ಬಂತು. ತಾಮ್ರ ಬೆರೆಸಿದ ಆಹಾರ ತಿಂದ ಹಂದಿಗಳಲ್ಲಿ ಯುರೋಪಿನವರು ಇದನ್ನು ಕಂಡಿದ್ದಾರೆ. ಅವಳು ಕೇಳಿದಳು, "ಹಾಗಾದರೆ ನಮ್ಮ ತೋಟದ ಮಣ್ಣಿನಲ್ಲಿ?" ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ. ಆದರೆ ಹೋಲಿಸಲು ಎಂದೂ ಬೋರ್ಡೋ ಬೀಳದ ಮಣ್ಣು ಬೇಕಲ್ಲ, ಅಕ್ಕಪಕ್ಕ ಎಲ್ಲ ತೋಟವೇ. ಕೊನೆಗೆ ನಾಗಬನ ನೆನಪಾಯಿತು, ಯಾರೂ ಸೊಪ್ಪು ಕೂಡ ಕೊಯ್ಯದ ಜಾಗ. ಮನೆಯ ಹಿರಿಯರ ಒಪ್ಪಿಗೆ ಕೇಳಿ, ಚಪ್ಪಲಿ ಕಳಚಿಟ್ಟು, ಬದಿಯಿಂದ ಒಂದು ಚಮಚ ಮಣ್ಣು ತಂದೆವು. ಒಂದು ಸೆಮಿಸ್ಟರಿನಲ್ಲಿ ಅದು ಮುಗಿಯುವ ಕೆಲಸವಲ್ಲ, ಮುಗಿಯಲೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್‌ಕ್ಯುಬೇಟರ್ ಎರಡು ಸಲ ತಣ್ಣಗಾಯಿತು, ಮತ್ತೆ ಮೊದಲಿನಿಂದ. ಫಲಿತಾಂಶ ಬರುವ ಮೊದಲು ಏನೂ ಹೇಳಬಾರದು ಅಂತ ಅವಳಿಗೆ ನಾನೇ ಹೇಳಿಕೊಟ್ಟಿದ್ದೇನೆ, ಹಾಗಾಗಿ ನಾನೂ ಹೇಳುವುದಿಲ್ಲ.

ನಿಮ್ಮ ಮಗಳಿಗೆ ಇದು ಒಗ್ಗುತ್ತದಾ ಅಂತ ನೋಡಲು ಅಮ್ಮನ ರಿಪೋರ್ಟನ್ನೇ ಕೊಡಿ. ಆ ಹನ್ನೊಂದು 'ಆರ್' ಗಳನ್ನು ಕುಟುಂಬ ಪ್ರಕಾರ ಗುಂಪು ಮಾಡಲಿ. ಆಂಪಿಸಿಲಿನ್, ಸೆಫುರಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫ್ಟಾಜಿಡಿಮ್, ಸೆಫೆಪಿಮ್, ಇವೆಲ್ಲ ಬೀಟಾ ಲ್ಯಾಕ್ಟಮ್ ಅನ್ನುವ ಒಂದೇ ಮನೆಯವು, ಇಎಸ್‌ಬಿಎಲ್ ಅನ್ನುವ ಒಂದೇ ಕಿಣ್ವ ಐದನ್ನೂ ಮುರಿಯಬಲ್ಲದು. ಹೀಗೆ ನೋಡಿದರೆ ನಿಮ್ಮ ಹನ್ನೊಂದು ಬಹುಶಃ ಮೂರೋ ನಾಲ್ಕೋ ಆಗುತ್ತದೆ. ಎಷ್ಟಾಯಿತು ಅಂತ ಅವಳೇ ನನಗೆ ಬರೆಯಲಿ, ಉಳಿದ ಐದು 'ಎಸ್' ಯಾಕೆ ಉಳಿದವು ಅನ್ನುವುದನ್ನೂ.